ಹಳೆಯ ಆಸ್ಪತ್ರೆಯ ಕೊನೆಯ ನೈಟ್, ಹೊಸ ಆಸ್ಪತ್ರೆಯ ಮೊದಲ ದಿನ: ಎನ್‌ಎಚ್‌ಎಸ್ ರೋಟಾ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರಿನ ಕಾಲೇಜುಗಳಲ್ಲಿ ಓದಿ ಇಂಗ್ಲೆಂಡಿಗೆ ಬಂದು ಎನ್‌ಎಚ್‌ಎಸ್, ಅಂದರೆ ಇಲ್ಲಿನ ಸರಕಾರಿ ಆರೋಗ್ಯ ಸೇವೆ, ಸೇರಿದ ಕಿರಿಯ ಡಾಕ್ಟರುಗಳು ಜುಲೈ ಹತ್ತಿರ ಬಂದಾಗ ಹೆಚ್ಚು ಕಡಿಮೆ ಒಂದೇ ಥರದ ಪ್ರಶ್ನೆ ಕೇಳುತ್ತಾರೆ. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳು ಎಫ್1, ಅಂದರೆ ಮೆಡಿಕಲ್ ಓದಿನ ನಂತರದ ಮೊದಲ ವರ್ಷದ ಕೆಲಸ, ಸೇರುವಾಗ ಅವರ ಅಪ್ಪ ಅಮ್ಮನೂ ಅದನ್ನೇ ಕೇಳುತ್ತಾರೆ. ಆ ಪ್ರಶ್ನೆಗಳಿಗೆ ಉತ್ತರ ಇಲ್ಲಿದೆ. ರೋಟಾ ಅಂದರೆ ಪಾಳಿಗಳ ಸರದಿ. ಯಾವ ದಿನ ಯಾರಿಗೆ ಯಾವ ಶಿಫ್ಟ್ ಅನ್ನುವ ಪಟ್ಟಿ ರೋಸ್ಟರ್. ನಿಯಮಗಳೆಲ್ಲ ಇಂಗ್ಲೆಂಡಿನವು, ಅಂದರೆ ಕಿರಿಯ ಡಾಕ್ಟರುಗಳ 2016ರ ಕೆಲಸದ ಒಪ್ಪಂದ ಮತ್ತು 2019ರಲ್ಲಿ ಅದಕ್ಕೆ ಆದ ತಿದ್ದುಪಡಿ. ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡಿನಲ್ಲಿ ಒಪ್ಪಂದ ಬೇರೆ. ಅಲ್ಲಿರುವವರು ಅಲ್ಲಿನದನ್ನು ನೋಡಿಕೊಳ್ಳಬೇಕು.

ಚೇಂಜೋವರ್ ಅಂದರೆ ಏನು? ಯಾವ ದಿನ?

ಟ್ರೈನಿಂಗ್‌ನಲ್ಲಿರುವ ಡಾಕ್ಟರುಗಳು ಒಂದು ಕೆಲಸ ಬಿಟ್ಟು ಮುಂದಿನ ಕೆಲಸಕ್ಕೆ ಸೇರುವ ದಿನ. ಇವರನ್ನು ಮೊದಲು ಜೂನಿಯರ್ ಡಾಕ್ಟರ್ ಅನ್ನುತ್ತಿದ್ದರು. 2024ರ ಸೆಪ್ಟೆಂಬರ್ 18ರಿಂದ ರೆಸಿಡೆಂಟ್ ಡಾಕ್ಟರ್ ಅನ್ನುತ್ತಾರೆ. ಓದು ಮುಗಿದ ಮೇಲಿನ ಫೌಂಡೇಶನ್ ತರಬೇತಿಯ ಎರಡು ವರ್ಷಗಳಲ್ಲಿ ಸಾಮಾನ್ಯವಾಗಿ ನಾಲ್ಕು ತಿಂಗಳಿಗೊಂದರಂತೆ ಆರು ಕೆಲಸ. ಬದಲಾಗುವುದು ಆಗಸ್ಟ್, ಡಿಸೆಂಬರ್, ಏಪ್ರಿಲ್ ತಿಂಗಳ ಮೊದಲ ಬುಧವಾರ. ಆರು ತಿಂಗಳ ಕೆಲಸವಿರುವ ಜಿಪಿ (ಕುಟುಂಬ ವೈದ್ಯ) ಮತ್ತು ಸ್ಪೆಷಾಲಿಟಿ ಟ್ರೈನಿಗಳು ಆಗಸ್ಟ್ ಮತ್ತು ಫೆಬ್ರವರಿಯಲ್ಲಿ ಬದಲಾಗುತ್ತಾರೆ. ಎಲ್ಲಕ್ಕಿಂತ ದೊಡ್ಡದು ಆಗಸ್ಟ್. ಅವತ್ತು ಇಡೀ ದೇಶದಲ್ಲಿ ಒಂದೇ ದಿನ ಸಾವಿರಾರು ಜನ ಜಾಗ ಬದಲಾಯಿಸುತ್ತಾರೆ. 2026ರಲ್ಲಿ ಆ ದಿನ ಆಗಸ್ಟ್ 5.

ಊರಲ್ಲಿ ನಾವೂ ಹೌಸ್ ಸರ್ಜನ್ ಆಗಿ ಪೋಸ್ಟಿಂಗ್ ಬದಲಾಯಿಸಿದ್ದೇವೆ. ಇದರಲ್ಲಿ ಹೊಸದೇನು?

ಅಲ್ಲಿ ಮೆಡಿಸಿನ್ ಮುಗಿಸಿ ಸರ್ಜರಿಗೆ ಹೋದರೂ ಕಾಲೇಜು ಅದೇ, ಆಸ್ಪತ್ರೆ ಅದೇ, ಸ್ಟೈಪೆಂಡ್ ಕೊಡುವವರೂ ಅವರೇ. ಡ್ಯೂಟಿ ಅಡ್ಡ ಬಂದರೆ ಎರಡೂ ಯೂನಿಟ್‌ನ ಪಿಜಿಗಳನ್ನು ಕೇಳಿಕೊಂಡು ಸರಿಮಾಡಬಹುದು.

ಇಲ್ಲಿ ಹಾಗಲ್ಲ. ಆಸ್ಪತ್ರೆಗಳನ್ನು ನಡೆಸುವುದು ಟ್ರಸ್ಟ್‌ಗಳು, ಒಂದೊಂದು ಟ್ರಸ್ಟ್ ಒಂದೊಂದು ಸಂಸ್ಥೆ. ಟ್ರಸ್ಟ್ ಬದಲಾದರೆ ಬುಧವಾರ ನೀವು ಸಾಮಾನ್ಯವಾಗಿ ನಿಜವಾಗಿಯೂ ಬೇರೆ ಮಾಲೀಕರ ಕೆಲಸಕ್ಕೆ ಸೇರುತ್ತೀರಿ. ಹೊಸ ಒಪ್ಪಂದ, ಹೊಸ ಐಡಿ ಕಾರ್ಡ್, ಹೊಸ ಕಂಪ್ಯೂಟರ್ ಪಾಸ್‌ವರ್ಡ್, ಹೊಸ ಪೇರೋಲ್. ಹಳೆಯ ಟ್ರಸ್ಟ್ ತನ್ನ ರೋಸ್ಟರನ್ನು ಮಂಗಳವಾರಕ್ಕೆ ಮುಗಿಸುತ್ತದೆ. ಹೊಸದು ಬುಧವಾರದಿಂದ ಶುರು ಮಾಡುತ್ತದೆ. ಒಬ್ಬರ ರೋಸ್ಟರ್ ಇನ್ನೊಬ್ಬರು ನೋಡುವುದಿಲ್ಲ. ಎರಡೂ ಕಡೆಯ ಸಾಫ್ಟ್‌ವೇರ್ ತನ್ನ ಮಟ್ಟಿಗೆ ಎಲ್ಲ ಸರಿ ಇದೆ ಅಂತ ಹಸಿರು ತೋರಿಸುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವವರು ನೀವೊಬ್ಬರೇ. ಅದಕ್ಕೇ ಹೇಳುವುದು, ಹೊಸ ರೋಸ್ಟರ್ ಕೈಗೆ ಬಂದ ದಿನವೇ ಹಳೆಯದನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿ. ಕೊನೆಯ ಎರಡು ವಾರ, ಮೊದಲ ಎರಡು ವಾರ. ಅಷ್ಟು ನೋಡಿದರೆ ಸಾಕು.

ಮಂಗಳವಾರ ರಾತ್ರಿ ನೈಟ್ ಹಾಕಿದ್ದಾರೆ. ಬುಧವಾರ ಬೆಳಗ್ಗೆ 8ಕ್ಕೆ ಹೊಸ ಆಸ್ಪತ್ರೆಯಲ್ಲಿ ಇಂಡಕ್ಷನ್ (ಹೊಸಬರಿಗೆ ಪರಿಚಯದ ಕಾರ್ಯಕ್ರಮ). ಏನು ಮಾಡಲಿ?

ಎಲ್ಲಕ್ಕಿಂತ ಜಾಸ್ತಿ ಬರುವ ಪ್ರಶ್ನೆ ಇದು. ಎರಡೂ ಮಾಡುವಂತಿಲ್ಲ. ಇದರಲ್ಲಿ ಗೊಂದಲ ಬೇಡ.

ಒಪ್ಪಂದದ ಪ್ರಕಾರ ಎರಡು ಶಿಫ್ಟ್ ನಡುವೆ ಸಾಮಾನ್ಯವಾಗಿ 11 ಗಂಟೆ ವಿಶ್ರಾಂತಿ ಇರಬೇಕು. ನೈಟ್ ಮುಗಿದ ಮೇಲೆ, ಅದು ಒಂದೇ ನೈಟ್ ಆಗಿರಲಿ ನಾಲ್ಕಾಗಿರಲಿ, 46 ಗಂಟೆ ಬಿಡುವು ಕೊಡಬೇಕು. ಲೆಕ್ಕ ಹಾಕಿ ನೋಡಿ. ಬುಧವಾರ ಬೆಳಗ್ಗೆ 8.30ಕ್ಕೆ ನೈಟ್ ಮುಗಿದರೆ 46 ಗಂಟೆ ಆಗುವುದು ಶುಕ್ರವಾರ ಬೆಳಗ್ಗೆ 6.30ಕ್ಕೆ. ಅಂದರೆ ಬುಧವಾರವೂ ಇಲ್ಲ, ಗುರುವಾರವೂ ಇಲ್ಲ. ಹೊಸ ಆಸ್ಪತ್ರೆಯಲ್ಲಿ ನಿಮ್ಮ ನಿಜವಾದ ಮೊದಲ ದಿನ ಶುಕ್ರವಾರ.

ಈ ನಿಯಮ ಒಂದು ಟ್ರಸ್ಟ್ ಒಳಗಿನ ರೋಟಾಗೆ ಮಾತ್ರ, ಬೇರೆ ಟ್ರಸ್ಟ್‌ಗೆ ಹೋದಾಗ ಲೆಕ್ಕಕ್ಕಿಲ್ಲ ಅಂತ ಕೆಲವರು ಹೇಳಬಹುದು. ಒಪ್ಪಬೇಡಿ. ಸುಸ್ತು ಕಟ್ಟಡ ಬದಲಾದ ತಕ್ಷಣ ಹೋಗುವುದಿಲ್ಲ. ರಾತ್ರಿಯಿಡೀ ಎದ್ದಿದ್ದ ಡಾಕ್ಟರ್ ಹೊಸ ವಾರ್ಡಿನಲ್ಲಿ ಇನ್ಸುಲಿನ್ ಬರೆಯುವುದು ರೋಗಿಗೂ ಅಪಾಯ, ಡಾಕ್ಟರಿಗೂ ಅಪಾಯ.

ಒಳ್ಳೆಯ ಟ್ರಸ್ಟ್‌ಗಳು ಹೊರಡುವ ಡಾಕ್ಟರುಗಳನ್ನು ಸೋಮವಾರ, ಮಂಗಳವಾರದ ನೈಟ್‌ಗೆ ಹಾಕುವುದೇ ಇಲ್ಲ. ನಿಮ್ಮದರಲ್ಲಿ ಹಾಕಿದ್ದರೆ ದಾರಿ ಎರಡು. ಹಳೆಯ ಕಡೆ ಆ ನೈಟನ್ನು ತೆಗೆಸುವುದು. ಆಗದಿದ್ದರೆ ಹೊಸ ಕಡೆ ಶುರುವಿನ ದಿನಗಳನ್ನು ಬಿಡಿಸಿಕೊಳ್ಳುವುದು. ಮೊದಲನೆಯದಕ್ಕೇ ಜಾಸ್ತಿ ಪ್ರಯತ್ನ ಮಾಡಿ. ಇಂಡಕ್ಷನ್ ತಪ್ಪಿದರೆ ಮುಂದಿನ ಹಲವು ದಿನ ತೊಂದರೆ. ಒಂದು ನೈಟ್‌ಗೆ ಬೇರೆಯವರನ್ನು ಹುಡುಕುವುದು ಅದಕ್ಕಿಂತ ಸುಲಭ. ಅದೇ ಟ್ರಸ್ಟ್‌ನಲ್ಲಿ ಮುಂದಿನ ವರ್ಷವೂ ಇರುವ ಸಹೋದ್ಯೋಗಿ ಇದ್ದರೆ ಅವರ ಜೊತೆ ಸ್ವಾಪ್, ಅಂದರೆ ಶಿಫ್ಟ್ ಅದಲುಬದಲು, ಕೇಳಿ. ಅವರಿಗೆ ಬುಧವಾರ ಇಂಡಕ್ಷನ್ ಇರಲಿಕ್ಕಿಲ್ಲ. ಆದರೆ ಅವರಿಗೂ 46 ಗಂಟೆ ಬಿಡುವು ಸಿಗುತ್ತದೆಯೇ ಅಂತ ನೋಡಿಯೇ ಕೇಳಿ.

ಇನ್ನೊಂದು ಮಾತು. ಸ್ವಾಪ್ ಹುಡುಕುವುದು ನಿಮ್ಮ ಹೊಣೆ ಅಂತ ರೋಟಾ ಕೋಆರ್ಡಿನೇಟರ್ ಹೇಳಿದರೆ, ವಿನಯದಿಂದಲೇ ಅಲ್ಲ ಅನ್ನಿ. ಸಹಾಯ ಮಾಡುವುದು ಬೇರೆ, ಹೊಣೆ ಹೊರುವುದು ಬೇರೆ. ಸುರಕ್ಷಿತವಾದ ರೋಸ್ಟರ್ ಕೊಡಬೇಕಾದವರು ಟ್ರಸ್ಟ್‌ನವರು.

ಇಮೇಲ್ ಯಾರಿಗೆ ಬರೆಯಬೇಕು? ಏನು ಬರೆಯಬೇಕು?

ಒಂದೇ ಇಮೇಲ್. ಅದರಲ್ಲಿ ಎರಡೂ ಟ್ರಸ್ಟ್‌ಗಳ ರೋಟಾ ಕೋಆರ್ಡಿನೇಟರ್, ಎರಡೂ ಕಡೆಯ ಮೆಡಿಕಲ್ ಸ್ಟಾಫಿಂಗ್ (ಡಾಕ್ಟರುಗಳ ನೇಮಕಾತಿ ವಿಭಾಗ). ಬೇರೆ ಬೇರೆ ಬರೆದರೆ ಇವರು ಅವರನ್ನು ಕೇಳಿ ಅಂತಾರೆ, ಅವರು ಇವರನ್ನು ಕೇಳಿ ಅಂತಾರೆ, ನಡುವೆ ಎರಡು ವಾರ ಹೋಗುತ್ತದೆ. ಒಂದೇ ಇಮೇಲ್‌ನಲ್ಲಿ ಎಲ್ಲರೂ ಇದ್ದರೆ ಯಾರಾದರೂ ಒಬ್ಬರು ಉತ್ತರ ಕೊಡಲೇಬೇಕಾಗುತ್ತದೆ.

ಉದ್ದ ಬೇಡ. ಹಳೆಯ ಕಡೆ ಯಾವ ಶಿಫ್ಟ್ ಎಷ್ಟು ಗಂಟೆಗೆ ಮುಗಿಯುತ್ತದೆ, ಹೊಸ ಕಡೆ ಯಾವುದು ಎಷ್ಟು ಗಂಟೆಗೆ ಶುರು, ನಡುವೆ ಎಷ್ಟು ಗಂಟೆ, ಒಪ್ಪಂದದ ಪ್ರಕಾರ ಎಷ್ಟಿರಬೇಕು. ಎರಡೂ ರೋಸ್ಟರಿನ ಚಿತ್ರ ಲಗತ್ತಿಸಿ. ಒಂದು ದಿನಾಂಕ ಕೊಟ್ಟು ಅಷ್ಟರೊಳಗೆ ಉತ್ತರ ಬೇಕು ಅಂತ ಕೇಳಿ. ಕ್ಷಮಿಸಿ, ತೊಂದರೆ ಕೊಡುತ್ತಿದ್ದೇನೆ ಅನ್ನುವ ಧಾಟಿ ಬೇಡವೇ ಬೇಡ. ನಮ್ಮಲ್ಲಿ ದೊಡ್ಡವರಿಗೆ ಎದುರು ಮಾತಾಡಬಾರದು ಅಂತ ಬೆಳೆದವರು ಬಹಳ. ಇದು ಎದುರು ಮಾತಲ್ಲ. ಅವರ ಕಣ್ಣಿಗೆ ಬೀಳದ ತಪ್ಪನ್ನು ತೋರಿಸಿಕೊಡುತ್ತಿದ್ದೀರಿ, ಅಷ್ಟೇ.

ಫೋನಿನಲ್ಲಿ ಮಾತಾಡಿ ಒಪ್ಪಿಕೊಂಡರೂ ಅದನ್ನು ಮತ್ತೆ ಇಮೇಲ್‌ನಲ್ಲಿ ಬರೆದು ಕಳಿಸಿ. ಮಂಗಳವಾರದ ನೈಟ್ ಮಾಡಲೇಬೇಕಾಗಿ ಬಂದರೆ, ಬುಧವಾರ ಬೆಳಗಿನ ಆ ಗಂಟೆಗಳಿಗೂ ನೀವು ಹಳೆಯ ಟ್ರಸ್ಟಿನ ನೌಕರರೇ, ಆ ಸಂಬಳವೂ ಅವರದೇ ಅಂತ ಬರೆಸಿಕೊಳ್ಳಿ.

ರೋಸ್ಟರ್ ಎಷ್ಟು ದಿನ ಮೊದಲು ಕೊಡಬೇಕು? ನನಗೆ ಇನ್ನೂ ಬಂದೇ ಇಲ್ಲ.

ಇದಕ್ಕೊಂದು ರಾಷ್ಟ್ರೀಯ ಒಪ್ಪಿಗೆ ಇದೆ. ಯಾರು ಬರುತ್ತಾರೆ ಅನ್ನುವ ಮಾಹಿತಿ ಟ್ರಸ್ಟ್‌ಗೆ 12 ವಾರ ಮೊದಲು ಹೋಗಬೇಕು. ಕೆಲಸದ ಒಟ್ಟು ಚೌಕಟ್ಟು, ಅಂದರೆ ವರ್ಕ್ ಶೆಡ್ಯೂಲ್, 8 ವಾರ ಮೊದಲು ನಿಮಗೆ ಬರಬೇಕು. ಯಾವ ದಿನ ಯಾವ ಶಿಫ್ಟ್ ಅನ್ನುವ ರೋಸ್ಟರ್ 6 ವಾರ ಮೊದಲು. 2026ರ ಆಗಸ್ಟ್ 5ಕ್ಕೆ ಸೇರುವವರಿಗೆ ಈ ದಿನಗಳು ಮೇ 13, ಜೂನ್ 10, ಜೂನ್ 24. ಕ್ಯಾಲೆಂಡರಿನಲ್ಲಿ ಬರೆದಿಟ್ಟುಕೊಳ್ಳಿ.

ಜೂನ್ 25ಕ್ಕೂ ಬಂದಿಲ್ಲವೆಂದರೆ ಅವತ್ತೇ ಕೇಳಿ. ಸುಮ್ನೆ ಕಾಯಬೇಡಿ. ಉತ್ತರ ಬರದಿದ್ದರೆ ಹೊಸ ಟ್ರಸ್ಟಿನ ಗಾರ್ಡಿಯನ್ ಆಫ್ ಸೇಫ್ ವರ್ಕಿಂಗ್ ಅವರ್ಸ್‌ಗೆ ಬರೆಯಿರಿ. ಪ್ರತಿ ಟ್ರಸ್ಟ್‌ನಲ್ಲೂ ಈ ಹುದ್ದೆ ಇದೆ. ರೆಸಿಡೆಂಟ್ ಡಾಕ್ಟರುಗಳ ಕೆಲಸದ ಗಂಟೆ ಸುರಕ್ಷಿತವಾಗಿದೆಯೇ ಅಂತ ನೋಡುವುದೇ ಅವರ ಕೆಲಸ.

ನೈಟ್ ಒಂದೇ ಅಲ್ಲ, ಎರಡೂ ಕಡೆ ಸೇರಿದರೆ ತುಂಬಾ ದಿನ ಒಂದೇ ಸಮನೆ ಕೆಲಸ ಆಗ್ತಿದೆ. ಇದಕ್ಕೆ ಮಿತಿ ಇಲ್ವಾ?

ಇದೆ. ಸಾಲಾಗಿ 7 ಶಿಫ್ಟ್‌ಗಿಂತ ಜಾಸ್ತಿ ಇಲ್ಲ. ಸಾಲಾಗಿ 4 ನೈಟ್‌ಗಿಂತ ಜಾಸ್ತಿ ಇಲ್ಲ. ಯಾವುದೇ 168 ಗಂಟೆಯಲ್ಲಿ, ಅಂದರೆ ಏಳು ದಿನದಲ್ಲಿ, 72 ಗಂಟೆಗಿಂತ ಜಾಸ್ತಿ ಕೆಲಸ ಇಲ್ಲ. ಒಂದು ಶಿಫ್ಟ್ 13 ಗಂಟೆ ದಾಟುವಂತಿಲ್ಲ.

ಹೊಸಬರಿಗೆ ಕಾಣದೆ ಹೋಗುವುದು ವೀಕೆಂಡ್. ಹಳೆಯ ಕಡೆ ಕೊನೆಯ ಶನಿವಾರ, ಭಾನುವಾರ ನಿಮ್ಮದು. ಸೋಮವಾರ, ಮಂಗಳವಾರ ಮಾಮೂಲಿ ದಿನ. ಹೊಸ ಕಡೆ ಬುಧವಾರ ಇಂಡಕ್ಷನ್, ಗುರು, ಶುಕ್ರ ವಾರ್ಡ್, ಮತ್ತೆ ಶನಿವಾರ, ಭಾನುವಾರ ಲಾಂಗ್ ಡೇ (ಉದ್ದದ ಹಗಲು ಶಿಫ್ಟ್). ಒಟ್ಟು ಒಂಬತ್ತು ದಿನ ಆಯ್ತು. ಒಂದೊಂದು ರೋಸ್ಟರನ್ನೇ ನೋಡಿದರೆ ಯಾವ ತಪ್ಪೂ ಇಲ್ಲ. ಜೊತೆಗಿಟ್ಟರೆ ಮಿತಿ ದಾಟಿದೆ. ಹೊಸ ಕಡೆಯವರಿಗೆ ಆ ವೀಕೆಂಡ್ ಬೇರೆಯವರಿಗೆ ಕೊಡುವುದು ಕಷ್ಟವೇನಲ್ಲ, ಆರು ವಾರ ಮೊದಲು ಹೇಳಿದರೆ. ಹಿಂದಿನ ಶುಕ್ರವಾರ ಹೇಳಿದರೆ ಬಹಳ ಕಷ್ಟ.

ಇಂಡಕ್ಷನ್ ತಪ್ಪಿಸಿಕೊಂಡು ನೇರ ವಾರ್ಡಿಗೆ ಹೋದರೆ ಆಗಲ್ವಾ?

ಬೇಡ. ಲಾಗಿನ್ ಇಲ್ಲದೆ ರಕ್ತ ಪರೀಕ್ಷೆಯ ಫಲಿತಾಂಶ ನೋಡಲಾಗುವುದಿಲ್ಲ, ಔಷಧ ಬರೆಯಲಾಗುವುದಿಲ್ಲ. ಕಾರ್ಡಿಯಾಕ್ ಅರೆಸ್ಟ್ ಬ್ಲೀಪ್ (ತುರ್ತು ಕರೆ) ಬಂದಾಗ ಯಾವ ಮೆಟ್ಟಿಲು ಹತ್ತಬೇಕು ಅಂತ ಗೊತ್ತಿರುವುದಿಲ್ಲ. ಪಕ್ಕದವರ ಪಾಸ್‌ವರ್ಡ್ ಬಳಸುವುದಂತೂ ಗಂಭೀರ ತಪ್ಪು. ಎರಡನೆಯ ಇಂಡಕ್ಷನ್ ದಿನ ಇದೆಯೇ ಅಂತ ಕೇಳಿ. ಇಲ್ಲದಿದ್ದರೆ ಐಡಿ ಕಾರ್ಡ್, ಲಾಗಿನ್, ವಿಭಾಗದ ಪರಿಚಯ, ಈ ಮೂರಾದರೂ ಆಗುವವರೆಗೆ ಆನ್ ಕಾಲ್ ಕೊಡಬೇಡಿ ಅಂತ ಕೇಳಿ.

ಹೊಸ ಎಫ್1ಗಳಿಗೆ ಮಾತ್ರ ಕೆಲಸ ಶುರುವಾಗುವ ಮೊದಲು ಕನಿಷ್ಠ ನಾಲ್ಕು ದಿನ ಸಂಬಳದ ಜೊತೆಗೇ ಶ್ಯಾಡೋಯಿಂಗ್ (ಆ ಕೆಲಸ ಮಾಡುತ್ತಿರುವವರ ಜೊತೆಗಿದ್ದು ಕಲಿಯುವುದು) ಇರುತ್ತದೆ. ಆ ದಿನಗಳಿಗೆ ಪ್ರವಾಸ ಇಟ್ಟುಕೊಳ್ಳಬೇಡಿ.

ಬೆಂಕಿ ಸುರಕ್ಷತೆ, ಕೈ ತೊಳೆಯುವುದು, ಇದೇ ಆನ್‌ಲೈನ್ ತರಬೇತಿ ಪ್ರತಿ ಟ್ರಸ್ಟ್‌ನಲ್ಲೂ ಮತ್ತೆ ಮಾಡಿಸುತ್ತಾರೆ.

ಹಳೆಯ ಸರ್ಟಿಫಿಕೇಟ್‌ಗಳನ್ನು ಪಿಡಿಎಫ್ ಮಾಡಿ ಒಂದು ಕಡೆ ಇಟ್ಟುಕೊಳ್ಳಿ, ಮೊದಲೇ ಕಳಿಸಿ. ಬಹಳ ಕಡೆ ಒಪ್ಪುತ್ತಾರೆ. ಈ ಪುನರಾವರ್ತನೆ ನಿಲ್ಲಿಸಬೇಕು ಅನ್ನುವುದು 2025ರ ಆಗಸ್ಟ್‌ನಲ್ಲಿ ಎನ್‌ಎಚ್‌ಎಸ್ ಇಂಗ್ಲೆಂಡ್ ಹೊರಡಿಸಿದ ಹತ್ತು ಅಂಶಗಳ ಯೋಜನೆಯಲ್ಲೂ ಇದೆ. ಮನೆಯಲ್ಲಿ ಕೂತು ಮಾಡಬೇಕಾಗಿ ಬಂದರೆ ಆ ಸಮಯವನ್ನು ವಾಪಸ್ ಕೇಳಿ.

ಊರಲ್ಲಿ ಆಗಸ್ಟ್ ಕೊನೆಗೆ ಮದುವೆ ಗೊತ್ತಾಗಿದೆ. ಹೊಸ ಟ್ರಸ್ಟ್ ಇನ್ನೂ ನನ್ನನ್ನು ಕಂಡೇ ಇಲ್ಲ. ರಜೆ ಯಾರನ್ನು ಕೇಳಲಿ?

ಹೊಸ ಟ್ರಸ್ಟ್‌ನವರನ್ನೇ, ಈಗಲೇ. ಯಾವ ಆಸ್ಪತ್ರೆ ಅಂತ ಗೊತ್ತಾದ ದಿನವೇ ಬರೆಯಿರಿ. ರೋಸ್ಟರ್ ಮಾಡುವ ಮೊದಲು ನಿಮ್ಮ ದಿನಾಂಕ ಅವರ ಕೈಯಲ್ಲಿದ್ದರೆ ಅರ್ಧ ಕೆಲಸ ಮುಗಿದಂತೆ. ಮದುವೆಯಂಥ ಜೀವನದ ದೊಡ್ಡ ಸಂದರ್ಭಕ್ಕೆ ಸಾಕಷ್ಟು ಮೊದಲೇ ಹೇಳಿ ರಜೆ ಕೇಳಿದರೆ ಕೊಡಬೇಕು ಅಂತ ಒಪ್ಪಂದದಲ್ಲೇ ಇದೆ. ಆ ಮಾತನ್ನು ಇಮೇಲ್‌ನಲ್ಲಿ ನೆನಪಿಸಿ.

ಮನೆಯವರಿಗೂ ಒಂದು ವಿಷಯ ತಿಳಿಸಿ. ಮುಹೂರ್ತ ನೋಡುವಾಗ ಆಗಸ್ಟ್ ಮೊದಲ ಎರಡು ವಾರ ಬಿಟ್ಟು ನೋಡಲಿ. ಆ ಹೊತ್ತಿನಲ್ಲಿ ರಜೆ ಸಿಗುವುದು ಬಹಳ ಕಷ್ಟ. ಟಿಕೆಟ್ ಮೊದಲು ತೆಗೆದು ಆಮೇಲೆ ರಜೆ ಕೇಳಿದರೆ ಮನಸ್ಸಿಗೂ ಹಿಂಸೆ, ದುಡ್ಡೂ ಹೋಗಬಹುದು.

ರಜೆಯ ಲೆಕ್ಕ ಹೀಗೆ. ಶುರುವಿನಲ್ಲಿ ವರ್ಷಕ್ಕೆ 27 ದಿನ, ಐದು ವರ್ಷ ಎನ್‌ಎಚ್‌ಎಸ್‌ನಲ್ಲಿ ಕಳೆದ ಮೇಲೆ 32, ಜೊತೆಗೆ ಬ್ಯಾಂಕ್ ಹಾಲಿಡೇಗಳು. ನಾಲ್ಕು ತಿಂಗಳ ಕೆಲಸಕ್ಕೆ 27ರಲ್ಲಿ ಮೂರನೇ ಒಂದು ಪಾಲು, ಅಂದರೆ 9 ದಿನ. ಟ್ರಸ್ಟ್ ಬದಲಾದಾಗ ಉಳಿದ ರಜೆ ಸಾಮಾನ್ಯವಾಗಿ ಜೊತೆಗೆ ಬರುವುದಿಲ್ಲ. ಆದ್ದರಿಂದ ಮೂರು ವಾರ ಊರಿಗೆ ಹೋಗಬೇಕೆಂದರೆ ಒಂದು ಕೆಲಸದ ರಜೆ ಸಾಲುವುದಿಲ್ಲ. ಕೊನೆಯ ವಾರಗಳ ರಜೆ ಹಳೆಯ ಕಡೆ, ಮೊದಲ ದಿನಗಳ ರಜೆ ಹೊಸ ಕಡೆ ಅಂತ ಜೋಡಿಸಲು ಹೊರಟರೆ ನಡುವೆ ಇಂಡಕ್ಷನ್ ಬರುತ್ತದೆ. ಉದ್ದದ ರಜೆಯನ್ನು ಕೆಲಸದ ನಡುವಿನಲ್ಲಿ ಇಟ್ಟುಕೊಳ್ಳುವುದೇ ಒಳ್ಳೆಯದು.

ಸ್ಟಡಿ ಲೀವ್‌ಗೂ ಇದೇ ಮಾತು. ಎಂಆರ್‌ಸಿಪಿ (ಮೆಡಿಸಿನ್), ಎಂಆರ್‌ಸಿಎಸ್ (ಸರ್ಜರಿ) ಪರೀಕ್ಷೆಗೆ ಹಳೆಯ ಕಡೆ ಒಪ್ಪಿದ ರಜೆ ಹೊಸ ಕಡೆಯವರಿಗೆ ತಾನಾಗಿ ತಿಳಿಯುವುದಿಲ್ಲ. ಮತ್ತೆ ಕೇಳಬೇಕು.

ಹಬ್ಬಕ್ಕೆ?

2027ರ ಯುಗಾದಿ ಏಪ್ರಿಲ್ 7, ಬುಧವಾರ. ಅದೇ ಏಪ್ರಿಲ್‌ನ ಮೊದಲ ಬುಧವಾರ. ಫೌಂಡೇಶನ್‌ನಲ್ಲಿರುವವರಿಗೆ ಅವತ್ತು ಚೇಂಜೋವರ್. ಬೇವು ಬೆಲ್ಲ ಬೆಳಗ್ಗೆ ಬೇಗ ತಿಂದು ಹೊರಡಿ, ಊಟಕ್ಕೆ ಜನ ಕರೆಯುವುದನ್ನು ಶನಿವಾರಕ್ಕೆ ಇಟ್ಟುಕೊಳ್ಳಿ. ಆ ಶನಿವಾರ ಹೊಸ ಕಡೆ ನಿಮ್ಮ ಆನ್ ಕಾಲ್ ಇಲ್ಲ ಅಂತ ನೋಡಿಕೊಂಡು.

ಆಗಸ್ಟ್ ಮೊದಲ ವಾರ ಆಸ್ಪತ್ರೆಗೆ ಹೋಗುವುದು ಅಪಾಯ ಅಂತಾರೆ, ನಿಜವಾ?

ಲಂಡನ್ನಿನ ಇಂಪೀರಿಯಲ್ ಕಾಲೇಜಿನ ಸಂಶೋಧಕರು 2009ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. 2000ದಿಂದ 2008ರವರೆಗೆ ಇಂಗ್ಲೆಂಡಿನಲ್ಲಿ ತುರ್ತಾಗಿ ದಾಖಲಾದ ಸುಮಾರು 3 ಲಕ್ಷ ರೋಗಿಗಳ ಮಾಹಿತಿ ಅದರಲ್ಲಿತ್ತು. ಜುಲೈ ಕೊನೆಯ ಬುಧವಾರ ದಾಖಲಾದವರಿಗೆ ಹೋಲಿಸಿದರೆ ಆಗಸ್ಟ್ ಮೊದಲ ಬುಧವಾರ ದಾಖಲಾದವರಲ್ಲಿ ಸಾವಿನ ಸಂಭವ ಸುಮಾರು 6% ಜಾಸ್ತಿ ಕಂಡಿತು. ಕಾರಣ ಹೊಸ ಡಾಕ್ಟರುಗಳೇ ಅಂತ ಅದು ಸಾಬೀತು ಮಾಡಲಿಲ್ಲ. ವ್ಯತ್ಯಾಸ ಸಣ್ಣದು. ಎದೆನೋವು ಬಂದರೆ ಆಗಸ್ಟ್ ಅಂತ ಯಾರೂ ಮನೆಯಲ್ಲಿ ಕೂರಬಾರದು.

ಆದರೆ ಆಸ್ಪತ್ರೆ ನಡೆಸುವವರು ಈ ಅಧ್ಯಯನವನ್ನು ಮರೆಯಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಹೊಸಬರು ಬರುವುದನ್ನು ತಪ್ಪಿಸಲಾಗುವುದಿಲ್ಲ. ನಿದ್ದೆಗೆಟ್ಟ ಹೊಸಬರು ಬರುವುದನ್ನು ಖಂಡಿತ ತಪ್ಪಿಸಬಹುದು.

ಹಾಗಾದರೆ ಆ ಮಂಗಳವಾರ ರಾತ್ರಿ ವಾರ್ಡ್ ನೋಡಿಕೊಳ್ಳುವವರು ಯಾರು?

ಕನ್ಸಲ್ಟಂಟ್‌ಗಳು (ಹಿರಿಯ ತಜ್ಞರು), ಲೋಕಮ್‌ಗಳು (ತಾತ್ಕಾಲಿಕ ಡಾಕ್ಟರುಗಳು), ಮತ್ತು ಟ್ರೈನಿಂಗ್ ಹೊರಗಿನ ಕ್ಲಿನಿಕಲ್ ಫೆಲೋ, ಟ್ರಸ್ಟ್ ಗ್ರೇಡ್ ಡಾಕ್ಟರುಗಳು. ಈ ಕೊನೆಯವರಲ್ಲಿ ಪ್ಲ್ಯಾಬ್ (ವಿದೇಶದಲ್ಲಿ ಓದಿದ ಡಾಕ್ಟರುಗಳ ಅರ್ಹತಾ ಪರೀಕ್ಷೆ) ಬರೆದು ಭಾರತದಿಂದ ಬಂದವರು ಬಹಳ ಜನ ಇದ್ದಾರೆ. ಇವರು ಆಗಸ್ಟ್‌ನಲ್ಲಿ ಬದಲಾಗುವುದಿಲ್ಲ ಅನ್ನುವ ಕಾರಣಕ್ಕೆ ಪ್ರತಿ ಸಲವೂ ಇವರನ್ನೇ ಆ ರಾತ್ರಿಗೆ ಹಾಕುವುದು ಸರಿಯಲ್ಲ. ಒಮ್ಮೆ ಮಾಡಿದವರಿಗೆ ಮುಂದಿನ ಚೇಂಜೋವರ್‌ನಲ್ಲಿ ಬಿಡುವು ಕೊಡಿ ಅಂತ ಕೇಳುವ ಹಕ್ಕು ಅವರಿಗಿದೆ. ನೀವು ಅವರಲ್ಲೊಬ್ಬರಾಗಿದ್ದರೆ ಕೇಳಿ.

ಇಬ್ಬರೂ ಡಾಕ್ಟರ್. ಚಿಕ್ಕ ಮಗು ಇದೆ. ಇಬ್ಬರಿಗೂ ಒಂದೇ ವಾರ ನೈಟ್ ಬಂದಿದೆ.

ಫೌಂಡೇಶನ್‌ಗೆ ಅರ್ಜಿ ಹಾಕುವಾಗ ಗಂಡ ಹೆಂಡತಿ ಅರ್ಜಿ ಜೋಡಿಸಬಹುದು. ಅದರಿಂದ ಒಂದೇ ಫೌಂಡೇಶನ್ ಸ್ಕೂಲ್ (ಒಂದು ಪ್ರದೇಶದ ತರಬೇತಿ ವಿಭಾಗ) ಸಿಗುತ್ತದೆ, ರೋಟಾ ಹೊಂದಿಕೊಳ್ಳುವುದಿಲ್ಲ. ರೋಟಾ ಹೊಂದಿಸಲು ಇಬ್ಬರ ರೋಸ್ಟರನ್ನೂ ಇಬ್ಬರ ಕೋಆರ್ಡಿನೇಟರ್‌ಗೂ ಕಳಿಸಬೇಕು. ಇಲ್ಲೂ ಸಮಯವೇ ಮುಖ್ಯ. ಸೇರುವ 8 ವಾರ ಮೊದಲು ವರ್ಕ್ ಶೆಡ್ಯೂಲ್ ಬಂದಾಗಲೇ, ನಮ್ಮಿಬ್ಬರಿಗೂ ಒಟ್ಟಿಗೆ ನೈಟ್ ಬೇಡ ಅಂತ ಹೇಳಿ. ರೋಟಾದಲ್ಲಿ ಯಾವ ಸಾಲು ನಿಮ್ಮದು ಅನ್ನುವುದು ಆಗ ಇನ್ನೂ ಗಟ್ಟಿಯಾಗಿರುವುದಿಲ್ಲ. ಸಾಲು ಬದಲಾಯಿಸಿದರೆ ಇಡೀ ನಾಲ್ಕು ತಿಂಗಳ ಸಮಸ್ಯೆ ಒಟ್ಟಿಗೆ ತೀರುತ್ತದೆ. ಆಮೇಲೆ ಒಂದೊಂದೇ ಶಿಫ್ಟ್ ಸ್ವಾಪ್ ಮಾಡುತ್ತಾ ಹೋದರೆ ಮುಗಿಯುವುದೇ ಇಲ್ಲ.

ವಾರಕ್ಕೆ ಮೂರು ಅಥವಾ ನಾಲ್ಕೇ ದಿನ ಕೆಲಸ ಮಾಡುವವರು ತಮ್ಮ ಬಿಡುವಿನ ದಿನ ಯಾವುದು ಅಂತ ಹೊಸ ಟ್ರಸ್ಟ್‌ಗೆ ಮತ್ತೆ ತಿಳಿಸಬೇಕು. ಮಗುವಿನ ನರ್ಸರಿ ದಿನಗಳು ಅದರ ಮೇಲೆ ನಿಂತಿರುತ್ತವೆ.

ಮೊದಲ ತಿಂಗಳ ಸಂಬಳ ಯಾಕೆ ಕಡಿಮೆ ಬಂತು?

ಹೆಚ್ಚಾಗಿ ತೆರಿಗೆ ಕೋಡ್ ಕಾರಣ. ಹಳೆಯ ಟ್ರಸ್ಟಿನ ಪಿ45 (ಕೆಲಸ ಬಿಡುವಾಗ ಕೊಡುವ ಸಂಬಳ, ತೆರಿಗೆಯ ಪತ್ರ) ಹೊಸ ಪೇರೋಲ್‌ಗೆ ತಲುಪದಿದ್ದರೆ ತುರ್ತು ಕೋಡ್ ಹಾಕುತ್ತಾರೆ. ಇನ್ನೂ ಕೆಟ್ಟದ್ದು ಬಿಆರ್ ಕೋಡ್. ನಿಮಗೆ ಎರಡು ಕೆಲಸ ಇದೆ ಅಂದುಕೊಂಡು ಹೊಸ ಸಂಬಳದ ಪೂರ್ತಿ ಮೊತ್ತಕ್ಕೆ 20% ತೆರಿಗೆ ಕತ್ತರಿಸುತ್ತಾರೆ. ವರ್ಷಕ್ಕೆ ಸಿಗಬೇಕಾದ 12,570 ಪೌಂಡ್ ವಿನಾಯಿತಿ ಆ ಸಂಬಳಕ್ಕೆ ಸಿಗುವುದಿಲ್ಲ. ತೆರಿಗೆ ಇಲಾಖೆಯಾದ ಎಚ್‌ಎಂಆರ್‌ಸಿಯ ಆನ್‌ಲೈನ್ ಖಾತೆಗೆ ಹೋಗಿ ಹಳೆಯ ಕೆಲಸ ಮುಗಿದಿದೆ ಅಂತ ತಿಳಿಸಿದರೆ ಸರಿಹೋಗುತ್ತದೆ, ಕಟ್ ಆದದ್ದು ವಾಪಸ್ ಬರುತ್ತದೆ. ಮೊದಲ ಪೇಸ್ಲಿಪ್ ಬಂದ ದಿನವೇ ನೋಡಿ.

ನಾನು ಟ್ರಸ್ಟ್ ಗ್ರೇಡ್. ಬೇರೆ ಟ್ರಸ್ಟ್‌ನಲ್ಲಿ ಕೆಲಸ ಸಿಕ್ಕಿದೆ. ಮುಂದಿನ ತಿಂಗಳೇ ಸೇರಬಹುದಾ?

ವೀಸಾ ನೋಡದೆ ದಿನಾಂಕ ಒಪ್ಪಬೇಡಿ. ಟ್ರೈನಿಂಗ್‌ನಲ್ಲಿರುವವರಿಗೆ ಸಾಮಾನ್ಯವಾಗಿ ಎನ್‌ಎಚ್‌ಎಸ್ ಇಂಗ್ಲೆಂಡ್ ಸ್ಪಾನ್ಸರ್ ಆಗಿರುವುದರಿಂದ ಆಸ್ಪತ್ರೆ ಬದಲಾದಾಗೆಲ್ಲ ಹೊಸ ವೀಸಾ ಬೇಕಿಲ್ಲ. ನಿಮ್ಮ ಸ್ಥಿತಿ ಬೇರೆ. ನಿಮ್ಮ ಸ್ಪಾನ್ಸರ್ ನಿಮ್ಮ ಟ್ರಸ್ಟ್. ಹೊಸ ಟ್ರಸ್ಟ್ ಹೊಸ ಸರ್ಟಿಫಿಕೇಟ್ ಆಫ್ ಸ್ಪಾನ್ಸರ್‌ಶಿಪ್ ಕೊಡಬೇಕು, ನೀವು ಹೊಸ ಅರ್ಜಿ ಹಾಕಬೇಕು, ಅದು ಮಂಜೂರಾಗುವವರೆಗೆ ಅಲ್ಲಿ ಕೆಲಸ ಶುರು ಮಾಡುವಂತಿಲ್ಲ. ದೇಶದ ಒಳಗಿನಿಂದ ಹಾಕಿದ ಅರ್ಜಿಗೆ ಸಾಮಾನ್ಯವಾಗಿ 8 ವಾರದ ಒಳಗೆ ಉತ್ತರ ಬರುತ್ತದೆ. ಸೇರುವ ದಿನಕ್ಕೆ ಮೂರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಹಳೆಯ ಕಡೆ ರಾಜೀನಾಮೆ ಕೊಟ್ಟು ಕೊನೆಯ ದಿನ ಗೊತ್ತು ಮಾಡಿಕೊಂಡು, ಇತ್ತ ವೀಸಾ ಬರದೆ ನಡುವೆ ಸಿಕ್ಕಿಕೊಂಡರೆ ಸಂಬಳವಿಲ್ಲದ ವಾರಗಳು ಶುರುವಾಗುತ್ತವೆ. ಮೊದಲು ಸರ್ಟಿಫಿಕೇಟ್, ಆಮೇಲೆ ರಾಜೀನಾಮೆ.

ಕೊನೆಯ ನೈಟ್ ಮುಗಿಸಿ ಅವತ್ತೇ ಸಾಮಾನು ತುಂಬಿಕೊಂಡು ಹೊಸ ಊರಿಗೆ ಕಾರಿನಲ್ಲಿ ಹೋಗಬೇಕು.

ದಯವಿಟ್ಟು ಹೋಗಬೇಡಿ. ನೈಟ್ ಮುಗಿಸಿ ಮನೆಗೆ ಹೋಗುವಾಗ ಕಾರು ಅಪಘಾತದಲ್ಲಿ ಯುವ ಡಾಕ್ಟರುಗಳು ಸತ್ತದ್ದಿದೆ. ಸುಸ್ತಾಗಿದೆ, ಓಡಿಸಲಾಗುವುದಿಲ್ಲ ಅಂತ ನೀವು ಹೇಳಿದರೆ ಟ್ರಸ್ಟ್ ಮಲಗಲು ಜಾಗ ಕೊಡಬೇಕು. ಅದು ಆಗದಿದ್ದರೆ ಮನೆ ತಲುಪಿಸುವ ಬೇರೆ ವ್ಯವಸ್ಥೆ ಮಾಡಬೇಕು. ಇದು ಒಪ್ಪಂದದಲ್ಲಿದೆ, ಕೊನೆಯ ದಿನಕ್ಕೂ ಅನ್ವಯಿಸುತ್ತದೆ. ಮನೆ ಬಾಡಿಗೆ ಒಪ್ಪಂದವನ್ನು ಸಾಧ್ಯವಾದರೆ ಒಂದು ವಾರ ಹೆಚ್ಚಿಗೆ ಇಟ್ಟುಕೊಳ್ಳಿ. ಆ ದುಡ್ಡು ದಂಡ ಅನ್ನಿಸಬಹುದು, ಆದರೂ ಇಟ್ಟುಕೊಳ್ಳಿ.

ಎಲ್ಲ ಹೇಳಿ ನೋಡಿದೆ. ಯಾರೂ ಬದಲಾಯಿಸಲಿಲ್ಲ. ಹೊಸ ಜಾಗದಲ್ಲಿ ಮೊದಲ ದಿನವೇ ಜಗಳಗಂಟಿ ಅನ್ನಿಸಿಕೊಳ್ಳಲು ಭಯ.

ಈ ಭಯ ನನಗೆ ಅರ್ಥವಾಗುತ್ತದೆ. ಅದರಲ್ಲೂ ವೀಸಾ ಮೇಲೆ ಇರುವವರಿಗೆ, ರೆಫರೆನ್ಸ್ ಬೇಕಾದವರಿಗೆ ಜಾಸ್ತಿ. ಆದರೆ ಇದನ್ನು ಒಬ್ಬರೇ ಹೊರಬೇಕಾಗಿಲ್ಲ. ಮೊದಲು ಗಾರ್ಡಿಯನ್‌ಗೆ ಬರೆಯಿರಿ. ಜೊತೆಗೆ ನಿಮ್ಮ ಎಜುಕೇಶನಲ್ ಸೂಪರ್‌ವೈಸರ್‌ಗೆ ಹೇಳಿ. ಬಿಎಂಎ (ಡಾಕ್ಟರುಗಳ ಸಂಘ) ಸದಸ್ಯರಾಗಿದ್ದರೆ ಸಂಘಕ್ಕೆ ರೋಸ್ಟರ್ ಕಳಿಸಿ. ಅದೇ ತೊಂದರೆ ಇರುವ ಬೇರೆಯವರನ್ನು ಹುಡುಕಿ. ಒಂದೇ ರೋಟಾದಲ್ಲಿ ನಾಲ್ಕು ಜನಕ್ಕೆ ಮಂಗಳವಾರ ನೈಟ್ ಇದ್ದರೆ ನಾಲ್ವರೂ ಒಟ್ಟಿಗೆ ಸಹಿ ಹಾಕಿ ಬರೆದ ಪತ್ರಕ್ಕೆ ತೂಕ ಬೇರೆ. ನಿಯಮ ಮೀರಿ ಕೆಲಸ ಮಾಡಬೇಕಾಗಿ ಬಂದರೆ ಎಕ್ಸೆಪ್ಷನ್ ರಿಪೋರ್ಟ್, ಅಂದರೆ ರೋಸ್ಟರ್ ಮೀರಿದ ಕೆಲಸದ ಅಧಿಕೃತ ವರದಿ, ಹಾಕಿ. ಹಾಕದಿದ್ದರೆ ದಾಖಲೆಯಲ್ಲಿ ಅದು ನಡೆದೇ ಇಲ್ಲ, ಡಿಸೆಂಬರಿನಲ್ಲಿ ಬರುವವರಿಗೂ ಅದೇ ರೋಸ್ಟರ್ ಸಿಗುತ್ತದೆ.